ವಂಶವಾಹಿಗಳ ಅಭಿವ್ಯಕ್ತಿಯನ್ನು ಓದುವ ಶಿಕ್ಷಣ

ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ದೊರೆತ ‘ಸಿದ್ದು’ ಹಲಸಿನ ಹೆಸರನ್ನು ನಮ್ಮ ವಾಚಕರು ಕೇಳಿಯೇ ಇರುವರು. ತುಮಕೂರಿನ ಸಮೀಪದ ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಗುರುತಿಸಿದ ಈ ತಳಿಯ ತೊಳೆ ತಾಮ್ರಗೆಂಪು. ಆ ಮರದ ಬೇರು, ಎಲೆ, ತೊಳೆ ಈ ಮೂರರಲ್ಲಿಯೂ ಇರುವ ವಂಶವಾಹಿಗಳು ಒಂದೇ. ಕೆಂಪು ಮಾತ್ರ ತೊಳೆಗೆ. ಯಾವ ಅಂಗದಲ್ಲಿ ಯಾವ ವಂಶವಾಹಿ ಎಷ್ಟು ಕಾರ್ಯಪ್ರವೃತ್ತವಾಗಿದೆ ಎಂಬುದೇ ಈ ವ್ಯತ್ಯಾಸಕ್ಕೆ ಮೂಲ. ಇದನ್ನು ವಂಶವಾಹಿಯ ಅಭಿವ್ಯಕ್ತಿ ಎನ್ನುವರು.

ಸಾವಿರಾರು ವಂಶವಾಹಿಗಳ ಅಭಿವ್ಯಕ್ತಿಯನ್ನು ಏಕಕಾಲದಲ್ಲಿ ಅಳೆಯುವ ಸಾಧನವೇ ಮೈಕ್ರೋಅರೇ. ಗಾಜಿನ ಫಲಕದ ಮೇಲೆ ಒಂದೊಂದು ಚುಕ್ಕೆಯಲ್ಲಿ ಒಂದೊಂದು ವಂಶವಾಹಿಯ ಡಿಎನ್‌ಎ ಎಳೆಗಳನ್ನು ನೆಟ್ಟಿರುತ್ತಾರೆ. ಅಂಗಾಂಶದ ಆರ್‌ಎನ್‌ಎಯಿಂದ ಪ್ರತಿಮಾಡಿ ಹೊಳೆಯುವ ಬಣ್ಣ ಕಟ್ಟಿದ ಎಳೆಗಳನ್ನು ಅದರ ಮೇಲೆ ಹಾಯಿಸಿದರೆ, ಪ್ರತಿಯೊಂದೂ ತನ್ನ ಜೋಡಿಯನ್ನು ಅರಸಿ ಅಂಟಿಕೊಳ್ಳುತ್ತದೆ. ಚುಕ್ಕೆ ಹೆಚ್ಚು ಬೆಳಗಿದರೆ ಅಭಿವ್ಯಕ್ತಿ ಹೆಚ್ಚು. 1995ರಲ್ಲಿ ಸ್ಟ್ಯಾನ್‌ಫರ್ಡ್‌ನ ವಿಜ್ಞಾನಿಗಳು ಅರಬಿಡಾಪ್ಸಿಸ್ ಎಂಬ ಪುಟ್ಟ ಸಸ್ಯದ 45 ವಂಶವಾಹಿಗಳನ್ನು ಹೀಗೆ ಅಳೆದು ಪ್ರಕಟಿಸಿದರು. ಕೆಲವೇ ವರ್ಷಗಳಲ್ಲಿ ಆ ಸಂಖ್ಯೆ ಸಾವಿರಗಳಿಗೆ ಏರಿತು.

ಅಳತೆ ಸುಲಭವಾಯಿತು, ಓದುವುದು ಕಷ್ಟವಾಯಿತು. ಕುಣಿಗಲ್ ದೊಡ್ಡಕೆರೆಯ ಅಚ್ಚುಕಟ್ಟಿನಲ್ಲಿ ರಾಗಿಯ ಒಂದು ತಳಿಯನ್ನೂ, ಎತ್ತರದ ಕೆಂಪುಮಣ್ಣಿನ ಹೊಲದಲ್ಲಿ ಇನ್ನೊಂದನ್ನೂ ಬೆಳೆದು, ಮೊದಲನೆಯದೇ ಉತ್ತಮವೆಂದು ಸಾರುವವನನ್ನು ಯಾವ ರೈತನೂ ಒಪ್ಪಲಾರ. ಆದರೆ ರೋಗಿಗಳ ಮಾದರಿಗಳನ್ನು ಒಂದು ದಿನ, ಆರೋಗ್ಯವಂತರ ಮಾದರಿಗಳನ್ನು ಇನ್ನೊಂದು ದಿನ ಪರೀಕ್ಷಿಸಿ ಇದೇ ತಪ್ಪನ್ನು ಮಾಡಿದ ವಿದ್ವಾಂಸರುಂಟು. ಆಮೇಲೆ ಯಾವ ಗಣಿತವೂ ದಿನದ ಭೇದವನ್ನು ರೋಗದ ಭೇದದಿಂದ ಬಿಡಿಸಲಾರದು. ಇನ್ನೊಂದು ಅಪಾಯ ಸಂಖ್ಯೆಯದು. ನೂರಕ್ಕೆ 5ರಷ್ಟು ಆಕಸ್ಮಿಕಕ್ಕೆ ಎಡೆಗೊಟ್ಟು 20,000 ವಂಶವಾಹಿಗಳನ್ನು ಪರೀಕ್ಷಿಸಿದರೆ, ನಿಜವಾದ ಭೇದ ಒಂದೂ ಇಲ್ಲದಿದ್ದರೂ ಸುಮಾರು 1,000 ಹೆಸರುಗಳು ಭೇದವುಳ್ಳವೆಂದು ಪಟ್ಟಿಯಲ್ಲಿ ಬರುತ್ತವೆ. ಇದಕ್ಕೆ ಬೆಂಜಮಿನಿ ಮತ್ತು ಹಾಕ್‌ಬರ್ಗ್ 1995ರಲ್ಲಿ ಸೂಚಿಸಿದ ವಿಧಾನವು ಇಂದಿಗೂ ರೂಢಿಯಲ್ಲಿದೆ.

ಓದು ತಪ್ಪಿದರೆ ಕೇಡು ಎಲ್ಲಿಗೆ ಮುಟ್ಟೀತು? ಗಡ್ಡೆಗೆ ಯಾವ ಔಷಧ ಫಲಿಸುವುದೆಂದು ವಂಶವಾಹಿಗಳ ಅಭಿವ್ಯಕ್ತಿಯಿಂದಲೇ ಮುಂದಾಗಿ ಹೇಳಬಹುದೆಂದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡವೊಂದು 2006ರಲ್ಲಿ ಪ್ರಕಟಿಸಿತು. ಅದನ್ನು ನಂಬಿ ಕ್ಯಾನ್ಸರ್ ರೋಗಿಗಳ ಮೇಲೆ ಪ್ರಯೋಗಗಳೂ ನಡೆದವು. ಬ್ಯಾಗರ್ಲಿ ಮತ್ತು ಕೂಂಬ್ಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಮೂಲ ಅಂಕಿಗಳನ್ನು ತಾವೇ ಮತ್ತೆ ಲೆಕ್ಕಹಾಕಿದರು. ವಂಶವಾಹಿಗಳ ಹೆಸರಿನ ಪಟ್ಟಿ ಒಂದು ಸಾಲು ಸರಿದಿತ್ತು. ಕೆಲವೆಡೆ ಔಷಧಕ್ಕೆ ಮಣಿಯುವವು, ಮಣಿಯದವು ಎಂಬ ಗುರುತುಗಳೇ ಅದಲುಬದಲಾಗಿದ್ದವು. ಅವರು ಇದನ್ನು 2009ರಲ್ಲಿ ಪ್ರಕಟಿಸಿದರು. 2010ರಲ್ಲಿ ಪ್ರಯೋಗಗಳು ಕೊನೆಗೊಂಡವು, 2011ರಲ್ಲಿ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಯಿತು. ಅಂಕಿಗಳನ್ನು ತಿದ್ದಿದ್ದೂ ಉಂಟೆಂದು ಮುಂದೆ ಸರ್ಕಾರಿ ತನಿಖೆಯಿಂದ ತಿಳಿಯಿತು. ಆದರೂ ಸಾಲು ಸರಿಯುವುದಕ್ಕೆ ದುರುದ್ದೇಶವೇ ಬೇಕಿಲ್ಲ; ಅಜಾಗ್ರತೆ ಸಾಕು. ಸೆಪ್ಟಿನ್ ಎಂಬ ವಂಶವಾಹಿಗಳ ಸಂಕ್ಷಿಪ್ತ ನಾಮಗಳನ್ನು ಎಕ್ಸೆಲ್ ತಂತ್ರಾಂಶವು ಸೆಪ್ಟೆಂಬರ್ ತಿಂಗಳ ದಿನಾಂಕಗಳನ್ನಾಗಿ ಮಾಡುತ್ತಿತ್ತು. ತಂತ್ರಾಂಶ ಬದಲಾಗದೆ ಕಡೆಗೆ ವಂಶವಾಹಿಗಳೇ ಹೆಸರು ಬದಲಿಸಿಕೊಳ್ಳಬೇಕಾಯಿತು!

ನಮ್ಮ ನಾಡು ಈ ವಿದ್ಯೆಯಲ್ಲಿ ಹಿಂದೆ ಬಿದ್ದುದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು 2000ದಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸ್ಟ್ರ್ಯಾಂಡ್ ಸಂಸ್ಥೆಯ ತಂತ್ರಾಂಶವನ್ನು ಮೈಕ್ರೋಅರೇ ಅಂಕಿಗಳ ವಿಶ್ಲೇಷಣೆಗಾಗಿ ಹೊರದೇಶಗಳ ಪ್ರಯೋಗಾಲಯಗಳೂ ಬಳಸಿದವು. ಕರ್ನಾಟಕ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ನೆಲೆಗೊಂಡ ಐಬ್ಯಾಬ್ ಎಂಬ ಜೈವಿಕ ಮಾಹಿತಿ ವಿಜ್ಞಾನದ ಶಿಕ್ಷಣ ಸಂಸ್ಥೆಯವರು, ಲೋಕದ ಹಲವೆಡೆ ಪ್ರಕಟವಾಗಿದ್ದ ಅಂಕಿಗಳನ್ನೇ ಒಟ್ಟುಗೂಡಿಸಿ, ಸಸ್ತನಿಗಳ ವೃಷಣದಲ್ಲಿ ಅಭಿವ್ಯಕ್ತವಾಗುವ ವಂಶವಾಹಿಗಳ ಕೋಶವನ್ನು ರಚಿಸಿ 2010ರಲ್ಲಿ ಪ್ರಕಟಿಸಿದರು.

ಈ ಕೊನೆಯ ಉದಾಹರಣೆ ನಮ್ಮ ಜಿಲ್ಲೆಯ ಕಾಲೇಜುಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಹೊಸ ಸಂಶೋಧನೆಯಲ್ಲಿ ಈಗ ಆರ್‌ಎನ್‌ಎಯ ಅಕ್ಷರಕ್ರಮವನ್ನೇ ಓದುವ ವಿಧಾನವು ಮೈಕ್ರೋಅರೇಯ ಸ್ಥಾನವನ್ನು ಬಹುಮಟ್ಟಿಗೆ ಪಡೆದಿದೆಯಾದರೂ, ಹಳೆಯ ಅಂಕಿಗಳಲ್ಲಿ ಹಲವು 2000ದಲ್ಲಿ ಆರಂಭವಾದ ‘ಜಿಯೋ’ ಎಂಬ ಸಾರ್ವಜನಿಕ ಭಂಡಾರದಲ್ಲಿ ಮುಕ್ತವಾಗಿ ದೊರೆಯುತ್ತವೆ. ವಿಶ್ಲೇಷಣೆಗೆ ಬೇಕಾದ ‘ಆರ್’ ಭಾಷೆಗೂ ‘ಬಯೋಕಂಡಕ್ಟರ್’ ತಂತ್ರಾಂಶಗಳಿಗೂ ಬೆಲೆಯಿಲ್ಲ. ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯದಂತೆ ಜೈವಿಕ ತಂತ್ರಜ್ಞಾನ ವಿಭಾಗವುಳ್ಳೆಡೆಯಲ್ಲಿ ಇದಕ್ಕೆ ಹೊಸ ಯಂತ್ರ ಬೇಡ. ದಾನಿಗಳು ಕಟ್ಟಡಕ್ಕೆ ಕೊಡುವುದರಲ್ಲಿ ಒಂದಂಶವನ್ನು ಸಂಖ್ಯಾಶಾಸ್ತ್ರದ ಒಬ್ಬ ಅಧ್ಯಾಪಕರ ವೇತನಕ್ಕೆ ಮೀಸಲಿಟ್ಟರೆ ಸಾಕು ಎಂಬುದು ಈ ಲೇಖಕನ ಬಿನ್ನಹ.

ಪಾಠವೂ ತಂತ್ರಾಂಶದ ಗುಂಡಿಗಳಿಂದ ಮೊದಲಾಗಬಾರದು. ಪ್ರಕಟವಾದ ಒಂದು ಪ್ರಬಂಧವನ್ನೂ ಅದರ ಮೂಲ ಅಂಕಿಗಳನ್ನೂ ವಿದ್ಯಾರ್ಥಿಗಳಿಗೆ ಕೊಡಬೇಕು. ಅದೇ ವಂಶವಾಹಿಗಳ ಪಟ್ಟಿಯನ್ನು ಅವರು ತಾವಾಗಿ ಪಡೆಯಲೆತ್ನಿಸಬೇಕು. ಯಾವ ಮಾದರಿಯನ್ನು ಎಂದು ಪರೀಕ್ಷಿಸಿದರೆಂಬುದನ್ನು ಮೊದಲು ಬರೆದುಕೊಳ್ಳಲಿ. ಎರಡು ಪಟ್ಟಿಗಳು ಹೊಂದದಿದ್ದಲ್ಲಿ ಕಾರಣವನ್ನು ಹುಡುಕಲು ಒಂದು ಸೆಮಿಸ್ಟರ್ ಪೂರ್ತಿ ಹಿಡಿದರೂ ಅಧ್ಯಾಪಕರು ಅವಸರಪಡಿಸಬಾರದು.