ಮುಂಬಯಿಯ ಪಾಲಿಕೆ ಶಾಲೆಗಳು ಮತ್ತು ಕಲಿಕೆಯ ಅಂತರ: ಹೊಣೆಗಾರಿಕೆಯ ಸ್ವರೂಪ

ಸಾರ್ವಜನಿಕ ಶಾಲೆಯ ಹೊಣೆಗಾರಿಕೆಯನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಪರೀಕ್ಷೆಯ ಫಲಿತಾಂಶದಿಂದ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ. ಹತ್ತನೆಯ ತರಗತಿಯಲ್ಲಿ ನೂರಕ್ಕೆ ಎಷ್ಟು ಮಂದಿ ತೇರ್ಗಡೆಯಾದರೆಂಬ ಒಂದು ಅಂಕಿಯೇ ಶಾಲೆಯ ಯೋಗ್ಯತೆಯ ಅಳತೆಗೋಲೆನಿಸಿಕೊಂಡಿದೆ. ಆದರೆ ಆ ಪರೀಕ್ಷೆಯವರೆಗೆ ಬಾರದೆ ನಾಲ್ಕನೆಯ ತರಗತಿಯಲ್ಲಿಯೋ ಏಳನೆಯ ತರಗತಿಯಲ್ಲಿಯೋ ಶಾಲೆ ಬಿಟ್ಟ ಮಗುವಿಗೆ ಆ ಅಂಕಿಯಲ್ಲಿ ಸ್ಥಾನವಿಲ್ಲ. ತರಗತಿಯಲ್ಲಿಯೇ ಇದ್ದು ಒಂದು ವಾಕ್ಯವನ್ನೂ ಸರಾಗವಾಗಿ ಓದಲಾರದ ಮಗು ಸರಾಸರಿಯ ಮರೆಯಲ್ಲಿ ಅಡಗಿಹೋಗುತ್ತದೆ. ಶಾಲೆ ಉತ್ತರ ಹೇಳಬೇಕಾದುದು ಮುಖ್ಯವಾಗಿ ಇಂಥ ಮಕ್ಕಳ ವಿಷಯದಲ್ಲಿ.

ಈ ಪ್ರಶ್ನೆಯನ್ನು ಪರಿಶೀಲಿಸಲು ಮುಂಬಯಿ ಯೋಗ್ಯವಾದ ನೆಲೆ. ಇಲ್ಲಿಯ ಮಹಾನಗರ ಪಾಲಿಕೆಯು ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ಕನ್ನಡ, ತೆಲುಗು, ತಮಿಳು ಎಂಬ ಎಂಟು ಮಾಧ್ಯಮಗಳಲ್ಲಿ ಶಾಲೆಗಳನ್ನು ನಡೆಸಿಕೊಂಡು ಬಂದಿದೆ. ಒಂದೇ ಸ್ಥಳೀಯ ಸಂಸ್ಥೆ ಇಷ್ಟು ಭಾಷೆಗಳ ಮಕ್ಕಳಿಗೆ ಅವರವರ ನುಡಿಯಲ್ಲಿ ವಿದ್ಯೆ ಕಲಿಸುವ ಭಾರ ಹೊತ್ತಿರುವುದು ಗೌರವಕ್ಕೆ ಅರ್ಹವಾದ ಸಂಗತಿ. ಅಷ್ಟೇ ಪ್ರಮಾಣದಲ್ಲಿ ಅದರ ಹೊಣೆಯೂ ದೊಡ್ಡದು. ಪಾಲಿಕೆಯ ಶಾಲೆಗೆ ಬರುವವರಲ್ಲಿ ಹೆಚ್ಚಿನವರು ಕಟ್ಟಡ ಕಾರ್ಮಿಕರ, ಮನೆಗೆಲಸದವರ, ಬೀದಿ ವ್ಯಾಪಾರಿಗಳ ಮಕ್ಕಳು. ಚಾಳುಗಳಲ್ಲಿ, ಜೋಪಡಿಪಟ್ಟಿಗಳಲ್ಲಿ ವಾಸಿಸುವವರು. ಮನೆಯಲ್ಲಿ ಪಾಠ ಹೇಳಿಕೊಡುವವರಾಗಲಿ ಖಾಸಗಿ ತರಗತಿಗೆ ತೆರಲು ಹಣವಾಗಲಿ ಇಲ್ಲದ ಈ ಮಕ್ಕಳಿಗೆ ಶಾಲೆಯೊಂದೇ ಆಸರೆ.

ಹೊಣೆಗಾರಿಕೆ ಎಂಬ ಮಾತಿನಲ್ಲಿ ಮೂರು ಪ್ರಶ್ನೆಗಳು ಅಡಗಿವೆ: ಯಾರು ಉತ್ತರ ಹೇಳಬೇಕು, ಯಾರಿಗೆ ಹೇಳಬೇಕು, ಯಾವುದನ್ನು ಕುರಿತು ಹೇಳಬೇಕು. ಈ ಮೂರನ್ನೂ ಪ್ರತ್ಯೇಕಿಸಿ ನೋಡದಿದ್ದರೆ ಶಿಕ್ಷಕನೊಬ್ಬನನ್ನು ದೂರುವುದೇ ಹೊಣೆಗಾರಿಕೆ ಎಂಬ ಭ್ರಮೆ ಉಂಟಾಗುತ್ತದೆ.

ಚಾರಿತ್ರಿಕ ಹಿನ್ನೆಲೆ

ಈ ಪ್ರಶ್ನೆ ಮುಂಬಯಿ ಪ್ರಾಂತಕ್ಕೆ ಹೊಸದಲ್ಲ. 1882ರಲ್ಲಿ ಹಂಟರ್ ಆಯೋಗದ ಮುಂದೆ ಜೋತಿರಾವ್ ಫುಲೆಯವರು ಸಲ್ಲಿಸಿದ ನಿವೇದನೆಯ ತಿರುಳೇ ಇದು. ಸರಕಾರದ ಆದಾಯ ಬಹುಮಟ್ಟಿಗೆ ರೈತರ ದುಡಿಮೆಯಿಂದ ಬರುತ್ತಿರುವಾಗ, ವಿದ್ಯೆಗೆಂದು ಖರ್ಚಾಗುವ ಹಣದ ಫಲ ಮೇಲ್ವರ್ಗದವರ ಉನ್ನತ ಶಿಕ್ಷಣಕ್ಕೆ ಸಂದು, ತೆರಿಗೆ ತೆತ್ತವರ ಮಕ್ಕಳು ಅಕ್ಷರವಂಚಿತರಾಗಿ ಉಳಿಯುವುದು ನ್ಯಾಯವೇ ಎಂಬುದು ಅವರ ಆಕ್ಷೇಪ. ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಬೇಕೆಂದೂ ಅವರು ಆಗ್ರಹಿಸಿದರು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಅಂದು ಇದೇ ಪ್ರಾಂತದಲ್ಲಿದ್ದುದರಿಂದ ಈ ಆಕ್ಷೇಪ ಕನ್ನಡ ಶಾಲೆಗಳಿಗೂ ಅನ್ವಯಿಸುತ್ತಿತ್ತೆಂಬುದನ್ನು ಗಮನಿಸಬೇಕು.

ಅದೇ ಕಾಲದಲ್ಲಿ ಹೊಣೆಗಾರಿಕೆಯ ಇನ್ನೊಂದು ಕಲ್ಪನೆಯೂ ಪ್ರಚಾರದಲ್ಲಿತ್ತು. ಇಂಗ್ಲೆಂಡಿನಲ್ಲಿ 1862ರಲ್ಲಿ ರಾಬರ್ಟ್ ಲೋ ಜಾರಿಗೆ ತಂದ ನಿಯಮಾವಳಿಯ ಪ್ರಕಾರ ಇನ್‌ಸ್ಪೆಕ್ಟರನು ಓದು, ಬರಹ, ಲೆಕ್ಕಗಳಲ್ಲಿ ಮಕ್ಕಳನ್ನು ಪರೀಕ್ಷಿಸಿ, ಫಲಿತಾಂಶವನ್ನು ಅನುಸರಿಸಿ ಶಾಲೆಗೆ ಅನುದಾನ ಮಂಜೂರು ಮಾಡುತ್ತಿದ್ದ. ಮುಂಬಯಿ ಪ್ರಾಂತದ ಅನುದಾನ ಪದ್ಧತಿಯೂ ಈ ಮಾದರಿಯನ್ನು ಅನುಸರಿಸಿತು. ಇದರ ಪರಿಣಾಮವಾಗಿ ಕಲಿಕೆ ಕಂಠಪಾಠಕ್ಕೆ ಇಳಿಯಿತು. ಕವಿಯೂ ವಿಮರ್ಶಕನೂ ಆಗಿದ್ದ ಮ್ಯಾಥ್ಯೂ ಆರ್ನಾಲ್ಡ್ ಸ್ವತಃ ಶಾಲಾ ಇನ್‌ಸ್ಪೆಕ್ಟರನಾಗಿ ಈ ಕ್ರಮವನ್ನು ತೀವ್ರವಾಗಿ ವಿರೋಧಿಸಿದ. ಶತಮಾನದ ಕೊನೆಯ ದಶಕದಲ್ಲಿ ಇಂಗ್ಲೆಂಡು ಅದನ್ನು ಕೈಬಿಟ್ಟಿತು.

1888ರ ಮುಂಬಯಿ ನಗರಪಾಲಿಕೆ ಕಾಯಿದೆ ಪ್ರಾಥಮಿಕ ಶಿಕ್ಷಣವನ್ನು ಪಾಲಿಕೆಯ ಕಡ್ಡಾಯ ಕರ್ತವ್ಯಗಳ ಸಾಲಿಗೆ ಸೇರಿಸಿತು. ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ 1918ರಲ್ಲಿ ಪ್ರಾಂತದ ನಗರಸಭೆಗಳಿಗೂ, 1920ರಲ್ಲಿ ಪ್ರತ್ಯೇಕ ಕಾಯಿದೆಯ ಮೂಲಕ ಮುಂಬಯಿ ನಗರಕ್ಕೂ ಕಡ್ಡಾಯ ಶಿಕ್ಷಣವನ್ನು ಜಾರಿಗೊಳಿಸುವ ಅಧಿಕಾರ ದೊರೆಯಿತು. 1925ರಲ್ಲಿ ಗಿರಣಿ ಕಾರ್ಮಿಕರು ಹೆಚ್ಚಾಗಿದ್ದ ಎಫ್ ಮತ್ತು ಜಿ ವಾರ್ಡುಗಳಲ್ಲಿ ಇದರ ಆರಂಭವಾಯಿತು. ಶಾಲೆ ಒದಗಿಸುವ ಹೊಣೆ ಹೀಗೆ ಕಾನೂನಿನಲ್ಲಿ ಸ್ಥಿರಗೊಂಡಿತು. ಕಲಿಸುವ ಹೊಣೆ ಮಾತ್ರ ಅಸ್ಪಷ್ಟವಾಗಿಯೇ ಉಳಿಯಿತು.

1929ರ ಹಾರ್ಟಾಗ್ ಸಮಿತಿಯ ವರದಿ ಈ ಅಸ್ಪಷ್ಟತೆಯನ್ನು ಬಯಲಿಗೆ ತಂದಿತು. 1922–23ರಲ್ಲಿ ಒಂದನೆಯ ತರಗತಿಯಲ್ಲಿದ್ದ ಪ್ರತಿ ನೂರು ಬಾಲಕರಿಗೆ ಪ್ರತಿಯಾಗಿ ಮೂರು ವರ್ಷಗಳ ಅನಂತರ ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದವರು 18 ಮಂದಿ ಮಾತ್ರ. ಸಮಿತಿ ಇದನ್ನು ಅಪವ್ಯಯವೆಂದು ಕರೆದು, ಶಾಲೆಗಳ ವಿಸ್ತರಣೆಗಿಂತ ಇರುವ ಶಾಲೆಗಳ ಬಲವರ್ಧನೆಯೇ ಮೇಲೆಂದು ಸೂಚಿಸಿತು. ಮುಂಬಯಿ ಪಾಲಿಕೆಯ ಶಾಲಾ ಸಮಿತಿಯ ಕಾರ್ಯದರ್ಶಿಯಾಗಿದ್ದ ಆರ್. ವಿ. ಪರುಳೇಕರರು ಈ ನಿಲುವನ್ನು ಒಪ್ಪಲಿಲ್ಲ. ಗುಣಮಟ್ಟದ ಹೆಸರಿನಲ್ಲಿ ಬಡವರ ಮಕ್ಕಳನ್ನು ಶಾಲೆಯ ಹೊರಗಿಡುವುದು ಸಲ್ಲದೆಂಬುದು ಅವರ ವಾದವಾಗಿತ್ತು. ಈ ವಾದವನ್ನು ಮುಂದೆ ಬೆಳೆಸಿದವರು ಜೆ. ಪಿ. ನಾಯಕರು. ಧಾರವಾಡದ ಬಳಿಯ ಉಪ್ಪಿನಬೆಟಗೇರಿಯಲ್ಲಿ ಗ್ರಾಮಸೇವೆ ಮಾಡಿ, 1948ರಲ್ಲಿ ಮುಂಬಯಿಯಲ್ಲಿ ಭಾರತೀಯ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಅವರು, 1975ರ ತಮ್ಮ ಗ್ರಂಥದಲ್ಲಿ ಸಮಾನತೆ, ಗುಣಮಟ್ಟ, ಸಂಖ್ಯೆ ಇವನ್ನು ಕೈಗೆಟುಕದ ತ್ರಿಕೋನವೆಂದು ಬಣ್ಣಿಸಿದರು. ಕಲಿಕೆಯ ಅಂತರದ ಸಮಸ್ಯೆ ಈ ಮೂರು ಭುಜಗಳು ಕೂಡದಿರುವ ಸ್ಥಳದಲ್ಲಿಯೇ ಇದೆ.

ದಂಡನೆಯ ಮಾರ್ಗ ಮತ್ತು ಅದರ ಮಿತಿ

ಅಂತರವನ್ನು ತಗ್ಗಿಸುವ ಹೊಣೆಯನ್ನು ಶಾಲೆಗಳ ಮೇಲೆ ಕಾನೂನಿನ ಮೂಲಕ ಹೊರಿಸಿದ ಬಹು ದೊಡ್ಡ ಪ್ರಯೋಗ ನಡೆದದ್ದು ಅಮೆರಿಕದಲ್ಲಿ. 2002ರ ಜನವರಿಯಲ್ಲಿ ಅಂಕಿತವಾದ, ಯಾವ ಮಗುವೂ ಹಿಂದುಳಿಯಬಾರದೆಂಬ ಆಶಯವನ್ನೇ ಹೆಸರಾಗಿ ಪಡೆದ ಕಾಯಿದೆಯಲ್ಲಿ ಒಂದು ಹಿರಿಯ ಗುಣವಿತ್ತು. ಶಾಲೆಯ ಒಟ್ಟು ಸರಾಸರಿಯನ್ನಷ್ಟೇ ಅಲ್ಲದೆ ಬಡವರು, ಕರಿಯರು, ಅಂಗವಿಕಲರು, ಇಂಗ್ಲಿಷ್ ಮನೆಮಾತಲ್ಲದವರು ಎಂದು ಪ್ರತಿಯೊಂದು ಗುಂಪಿನ ಕಲಿಕೆಯನ್ನೂ ಬೇರೆ ಬೇರೆಯಾಗಿ ಪ್ರಕಟಿಸಬೇಕೆಂದು ಅದು ವಿಧಿಸಿತು. ಅಡಗಿದ್ದ ಅಂತರ ಇದರಿಂದ ಬೆಳಕಿಗೆ ಬಂದಿತು.

ಆದರೆ 2014ರೊಳಗೆ ಎಲ್ಲ ಮಕ್ಕಳೂ ನಿಗದಿತ ಮಟ್ಟ ಮುಟ್ಟಬೇಕು, ಮುಟ್ಟಿಸದ ಶಾಲೆಗೆ ದಂಡನೆ ಎಂಬ ನಿಯಮ ಅನೇಕ ವಿಕಾರಗಳಿಗೆ ಎಡೆಮಾಡಿತು. ಶಿಕಾಗೋ ನಗರದ ಶಾಲೆಗಳನ್ನು ಕುರಿತು ಡೆರೆಕ್ ನೀಲ್ ಮತ್ತು ಡಯಾನ್ ಶಾನ್ಜೆನ್‌ಬಾಕ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೇರ್ಗಡೆಯ ಗೆರೆಯ ಆಸುಪಾಸಿನಲ್ಲಿದ್ದ ಮಕ್ಕಳು ಮುಂದುವರಿದರೂ ತೀರ ಕೆಳಗಿದ್ದವರಿಗೆ ಪ್ರಯೋಜನವಾಗಲಿಲ್ಲವೆಂಬುದು ಕಂಡುಬಂದಿತು. ಅಟ್ಲಾಂಟಾ ನಗರದಲ್ಲಿ ಶಿಕ್ಷಕರೇ ಉತ್ತರಪತ್ರಿಕೆಗಳನ್ನು ತಿದ್ದಿದ ಹಗರಣ 2011ರಲ್ಲಿ ಬಯಲಾಯಿತು. ಇನ್ನೊಂದು ದೋಷ ಕನ್ನಡ ಓದುಗರು ವಿಶೇಷವಾಗಿ ಗಮನಿಸಬೇಕಾದುದು: ಒಂದು ಶಾಲೆಯಲ್ಲಿ ಯಾವುದೇ ಗುಂಪಿನ ಮಕ್ಕಳ ಸಂಖ್ಯೆ ನಿಗದಿಗಿಂತ ಕಡಿಮೆಯಿದ್ದರೆ ಆ ಗುಂಪಿನ ಪ್ರತ್ಯೇಕ ಲೆಕ್ಕವನ್ನೇ ಇಡುತ್ತಿರಲಿಲ್ಲ. ಅಲ್ಪಸಂಖ್ಯೆಯೇ ಮಗುವನ್ನು ಅದೃಶ್ಯಗೊಳಿಸಿತು. 2015ರ ಡಿಸೆಂಬರಿನಲ್ಲಿ ಬೇರೊಂದು ಕಾಯಿದೆ ಇದರ ಸ್ಥಾನಕ್ಕೆ ಬಂದಿತು. 1862ರ ಪಾಠವನ್ನು ನೂರೈವತ್ತು ವರ್ಷಗಳ ಅನಂತರ ಮತ್ತೆ ಕಲಿಯಬೇಕಾಯಿತು.

ಮುಂಬಯಿಯ ಅನುಭವ

ಇದಕ್ಕೆ ಬದಲಾದ ಒಂದು ಮಾರ್ಗ ಮುಂಬಯಿಯ ಪಾಲಿಕೆ ಶಾಲೆಗಳಲ್ಲಿಯೇ ರೂಪುಗೊಂಡಿತು. ಕಳೆದ ಶತಮಾನದ ಕೊನೆಯ ದಶಕದಲ್ಲಿ ಈ ನಗರದಲ್ಲಿ ಹುಟ್ಟಿದ ‘ಪ್ರಥಮ್’ ಸಂಸ್ಥೆ ‘ಬಾಲಸಖಿ’ ಎಂಬ ಕಾರ್ಯಕ್ರಮವನ್ನು ನಡೆಸಿತು. ಮೂರನೆಯ, ನಾಲ್ಕನೆಯ ತರಗತಿಗಳಲ್ಲಿದ್ದೂ ಹಿಂದಿನ ತರಗತಿಗಳ ಮೂಲ ಕೌಶಲಗಳನ್ನು ಪಡೆಯದ ಸುಮಾರು 15ರಿಂದ 20 ಮಕ್ಕಳನ್ನು ಅದೇ ವಸತಿಯ ತರುಣಿಯೊಬ್ಬಳು ಶಾಲೆಯ ವೇಳೆಯಲ್ಲಿಯೇ ದಿನಕ್ಕೆ ಎರಡು ಗಂಟೆ ಬೇರೆಯಾಗಿ ಕೂರಿಸಿ, ಅವರು ನಿಂತಿರುವ ಮೆಟ್ಟಿಲಿನಿಂದ ಕಲಿಸುತ್ತಿದ್ದಳು. ಅವಳಿಗೆ ಸಲ್ಲುತ್ತಿದ್ದುದು ತಿಂಗಳಿಗೆ 500ರಿಂದ 750 ರೂಪಾಯಿ.

2001ರಿಂದ 2003ರವರೆಗಿನ ಎರಡು ಶಾಲಾ ವರ್ಷಗಳಲ್ಲಿ ಮುಂಬಯಿಯ ಎಲ್ ವಾರ್ಡಿನಲ್ಲಿಯೂ ವಡೋದರಾ ನಗರದಲ್ಲಿಯೂ ಅಭಿಜಿತ್ ಬ್ಯಾನರ್ಜಿ, ಶಾನ್ ಕೋಲ್, ಎಸ್ತರ್ ಡಫ್ಲೊ, ಲೀ ಲಿಂಡನ್ ಅವರು ಇದರ ಪರಿಣಾಮವನ್ನು ಅಳೆದರು. 2007ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಬಾಲಸಖಿ ಇದ್ದ ಶಾಲೆಗಳ ಮಕ್ಕಳ ಅಂಕಗಳು ಮೊದಲ ವರ್ಷ ಮಾನಕ ವಿಚಲನೆಯ 0.14ರಷ್ಟು, ಎರಡನೆಯ ವರ್ಷ 0.28ರಷ್ಟು ಏರಿದವು. ಈ ಏರಿಕೆ ಹಿಂದುಳಿದ ಮಕ್ಕಳಲ್ಲಿಯೇ ಹೆಚ್ಚಾಗಿತ್ತು. ಅವರು ಹೊರಹೋದಾಗ ತರಗತಿಯಲ್ಲಿ ಉಳಿದ ಮಕ್ಕಳಿಗೆ, ಅವರ ಸಂಖ್ಯೆ ಕಡಿಮೆಯಾದ ಮಾತ್ರದಿಂದ ಲಾಭವೇನೂ ಆಗಲಿಲ್ಲ. ಎಂದರೆ ವ್ಯತ್ಯಾಸ ತಂದುದು ತರಗತಿಯ ಗಾತ್ರವಲ್ಲ, ಮಗುವಿನ ಮಟ್ಟಕ್ಕೆ ಹೊಂದಿದ ಬೋಧನೆ.

ಈ ಯಶಸ್ಸಿಗೂ ಮಿತಿಯುಂಟು. ಕಾರ್ಯಕ್ರಮ ಮುಗಿದ ಒಂದು ವರ್ಷದ ಅನಂತರ ಆ ಲಾಭ ಸುಮಾರು 0.10ಕ್ಕೆ ಇಳಿದಿತ್ತು. ಹೊರಗಿನ ನೆರವಿನಿಂದ ಆದ ಏರಿಕೆಯನ್ನು ಉಳಿಸಿಕೊಳ್ಳುವುದು ಶಾಲೆಯ ನಿತ್ಯದ ವ್ಯವಸ್ಥೆಯಿಂದ ಮಾತ್ರ ಸಾಧ್ಯ. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಪ್ರಥಮ್ ಸಂಸ್ಥೆ 2005ರಲ್ಲಿ ಆರಂಭಿಸಿದ ‘ಅಸರ್’ ಸಮೀಕ್ಷೆ ಗ್ರಾಮೀಣ ಭಾರತವನ್ನು ಕುರಿತದ್ದು. ಗ್ರಾಮೀಣ ಸರಕಾರಿ ಶಾಲೆಗಳ ಐದನೆಯ ತರಗತಿಯಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ಶೇಕಡಾ 44.2, 2022ರಲ್ಲಿ 38.5, 2024ರಲ್ಲಿ 44.8 ಎಂದು ಅದು ತಿಳಿಸುತ್ತದೆ. ಆ ಸಂಸ್ಥೆ ಹುಟ್ಟಿದ ನಗರದ ಮಕ್ಕಳು ಮಾತ್ರ ಆ ಲೆಕ್ಕದಲ್ಲಿಲ್ಲ.

ಕಾಯಿದೆ ಹೇಳುವುದೇನು?

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಮೇಲಿನ ಮೂರು ಪ್ರಶ್ನೆಗಳಿಗೂ ಉತ್ತರ ಕೊಡುತ್ತದೆ. 24ನೆಯ ಕಲಮಿನಂತೆ ಪ್ರತಿಯೊಂದು ಮಗುವಿನ ಕಲಿಕೆಯ ಸಾಮರ್ಥ್ಯವನ್ನು ಅಳೆದು ಅಗತ್ಯವಿದ್ದಷ್ಟು ಹೆಚ್ಚುವರಿ ಬೋಧನೆ ನೀಡುವುದು ಶಿಕ್ಷಕರ ಕರ್ತವ್ಯ. 9ನೆಯ ಕಲಮಿನಂತೆ ಉತ್ತಮ ಮಟ್ಟದ ಶಿಕ್ಷಣ ಒದಗಿಸುವುದೂ ದುರ್ಬಲ ವರ್ಗದ ಮಗುವಿನ ವಿಷಯದಲ್ಲಿ ತಾರತಮ್ಯವಾಗದಂತೆ ನೋಡಿಕೊಳ್ಳುವುದೂ ಸ್ಥಳೀಯ ಸಂಸ್ಥೆಯ ಕರ್ತವ್ಯ. 21ನೆಯ ಕಲಮಿನಂತೆ ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ತಂದೆತಾಯಂದಿರೇ ಆಗಿರಬೇಕು. ಶಿಕ್ಷಕರು ಮತ್ತು ಪಾಲಿಕೆ ಉತ್ತರ ಹೇಳತಕ್ಕವರು, ಪೋಷಕರು ಕೇಳತಕ್ಕವರು, ಪ್ರತಿ ಮಗುವಿನ ಕಲಿಕೆಯೇ ವಿಷಯ.

2019ರ ತಿದ್ದುಪಡಿ ಐದನೆಯ ಮತ್ತು ಎಂಟನೆಯ ತರಗತಿಗಳಲ್ಲಿ ಪರೀಕ್ಷೆ ನಡೆಸಿ, ಮರುಪರೀಕ್ಷೆಯಲ್ಲಿಯೂ ತೇರ್ಗಡೆಯಾಗದವರನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳುವ ಅವಕಾಶವನ್ನು ರಾಜ್ಯ ಸರಕಾರಗಳಿಗೆ ನೀಡಿದೆ. ನಾಲ್ಕು ವರ್ಷ ಯಾರೂ ಅಳೆದು ನೋಡದ ಮಗುವನ್ನು ಐದನೆಯ ವರ್ಷ ಅನುತ್ತೀರ್ಣವೆಂದು ಘೋಷಿಸಿದರೆ ಶಾಲೆಯ ಸೋಲಿಗೆ ಮಗು ದಂಡ ತೆತ್ತಂತಾಗುತ್ತದೆ. ಆಗ ಹೊಣೆಗಾರಿಕೆ ತಲೆಕೆಳಗಾಗುತ್ತದೆ.

ಕನ್ನಡ ಮಾಧ್ಯಮದ ಮಗು

ಮುಂಬಯಿಯ ಕನ್ನಡಿಗರಿಗೆ ಈ ವಿಚಾರ ಪರಕೀಯವಲ್ಲ. ಕರಾವಳಿಯಿಂದ ಬಂದು ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಓದಿದ ತಲೆಮಾರುಗಳು ಇಲ್ಲಿ ಬದುಕು ಕಟ್ಟಿಕೊಂಡವು. 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ನಡೆಸಿದ ರಾತ್ರಿಶಾಲೆಗಳು ಸಾರ್ವಜನಿಕ ವ್ಯವಸ್ಥೆ ತಲುಪದ ಮಕ್ಕಳ ಹೊಣೆಯನ್ನು ಸಮುದಾಯವೇ ಹೊತ್ತುಕೊಂಡುದಕ್ಕೆ ಸಾಕ್ಷಿ. ಆ ಕುಟುಂಬಗಳ ಇಂದಿನ ಪೀಳಿಗೆ ಬಹುಮಟ್ಟಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಸರಿದಿದೆ. ಉತ್ತರ ಕರ್ನಾಟಕದಿಂದ ಕೂಲಿಗಾಗಿ ಬರುವ ಕುಟುಂಬಗಳಿಗೆ ಅಂಥ ಆಯ್ಕೆ ಸುಲಭವಲ್ಲ. ಪಾಲಿಕೆಯ ಕನ್ನಡ ಶಾಲೆ ಯಾರಿಗಾಗಿ ಉಳಿಯಬೇಕೆಂಬ ಪ್ರಶ್ನೆಗೆ ಉತ್ತರ ಈ ಮಕ್ಕಳಲ್ಲಿದೆ.

ಇಂಥ ಮಗು ಎದುರಿಸುವ ಅಂತರ ಇಮ್ಮಡಿಯಾದುದು. ತಂದೆತಾಯಿ ಕೆಲಸ ಸಿಕ್ಕಲ್ಲಿಗೆ ಹೋಗುವುದರಿಂದ ಹಾಜರಿ ತುಂಡುತುಂಡಾಗುತ್ತದೆ. ಪಾಲಿಕೆಯ ಶಾಲೆಗಳಲ್ಲಿ ಬಹುಪಾಲು ಪ್ರಾಥಮಿಕ ಹಂತದವಾದ ಕಾರಣ, ಮುಂದೆ ಹತ್ತಿರದಲ್ಲಿ ಕನ್ನಡ ಪ್ರೌಢಶಾಲೆ ಇಲ್ಲದಿದ್ದರೆ ಮಗು ಮಾಧ್ಯಮವನ್ನೇ ಬದಲಿಸಬೇಕಾಗುತ್ತದೆ. ಆ ಹೊತ್ತಿಗೆ ಕನ್ನಡದಲ್ಲಿ ಓದು ಗಟ್ಟಿಯಾಗಿರದಿದ್ದರೆ ಮರಾಠಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಅದು ಗಟ್ಟಿಯಾಗುವುದು ಕಷ್ಟ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಯ ಸೌಲಭ್ಯ ಒದಗಿಸಲು ಪ್ರಯತ್ನಿಸಬೇಕೆನ್ನುತ್ತದೆ. ಆದರೆ ಸೌಲಭ್ಯ ಇರುವುದು ಬೇರೆ, ಕಲಿಕೆ ಆಗುವುದು ಬೇರೆ. ಕನ್ನಡ ಶಾಲೆ ಮುಚ್ಚಬಾರದೆಂದು ಹೋರಾಡುವವರು ಆ ಶಾಲೆಯ ಮಗು ಓದಬಲ್ಲುದೇ ಎಂದೂ ಕೇಳಬೇಕು. ಎರಡನೆಯ ಪ್ರಶ್ನೆಯನ್ನು ಕೇಳದಿದ್ದರೆ ಮೊದಲನೆಯದು ಕೇವಲ ಅಭಿಮಾನದ ಮಾತಾಗುತ್ತದೆ.

ಉಪಸಂಹಾರ

ಒಟ್ಟಿನಲ್ಲಿ, ಕಲಿಕೆಯ ಅಂತರವನ್ನು ತಗ್ಗಿಸುವ ಹೊಣೆಗಾರಿಕೆಗೆ ನಾಲ್ಕು ಅಂಶಗಳು ಅವಶ್ಯ. ಮೊದಲನೆಯದಾಗಿ, ವರ್ಷದ ಆರಂಭದಲ್ಲಿ ಮಗು ಎಲ್ಲಿತ್ತು, ಕೊನೆಯಲ್ಲಿ ಎಲ್ಲಿಗೆ ಬಂದಿತು ಎಂಬ ದಾಖಲೆ ಪ್ರತಿ ಮಗುವಿಗೂ ಇರಬೇಕು. ಎರಡನೆಯದಾಗಿ, ಫಲಿತಾಂಶವನ್ನು ಮಾಧ್ಯಮವಾರು ಪ್ರಕಟಿಸಬೇಕು. ಸಂಖ್ಯೆ ಅಲ್ಪವೆಂಬ ಕಾರಣಕ್ಕೆ ಯಾವ ಭಾಷೆಯ ಮಕ್ಕಳೂ ಒಟ್ಟು ಲೆಕ್ಕದಲ್ಲಿ ಕರಗಿಹೋಗಬಾರದು. ಮೂರನೆಯದಾಗಿ, ಹಿಂದುಳಿದ ಶಾಲೆಗೆ ದೊರೆಯಬೇಕಾದುದು ದಂಡನೆಯಲ್ಲ, ಹೆಚ್ಚಿನ ಶಿಕ್ಷಕರು ಮತ್ತು ಹೆಚ್ಚಿನ ವೇಳೆ. ಅದನ್ನು ಒದಗಿಸದ ಆಡಳಿತವೂ ಉತ್ತರ ಹೇಳಬೇಕು. ನಾಲ್ಕನೆಯದಾಗಿ, ಈ ಎಲ್ಲ ವಿವರಗಳನ್ನು ಪೋಷಕರಿಗೆ ಅರ್ಥವಾಗುವ ಭಾಷೆಯಲ್ಲಿ, ಓದುಬರಹ ಬಾರದವರಿಗೆ ಬಾಯಿಮಾತಿನಲ್ಲಿ ತಿಳಿಸಬೇಕು. ಕನ್ನಡ ಬಲ್ಲ ವಿದ್ಯಾರ್ಥಿಗಳೂ ಅಧ್ಯಾಪಕರೂ ನೇರವಾಗಿ ಭಾಗವಹಿಸಬಹುದಾದ ಕ್ಷೇತ್ರವಿದು. ಬಾಲಸಖಿಯ ಕೆಲಸಕ್ಕೆ ಬೇಕಾಗಿದ್ದುದು ಅದೇ ವಸತಿಯ ತರುಣಿ ಮತ್ತು ದಿನದ ಎರಡು ಗಂಟೆ. ತೆರಿಗೆ ತೆತ್ತವನ ಮಗುವಿಗೆ ವಿದ್ಯೆ ತಲುಪಿತೇ ಎಂದು ಫುಲೆಯವರು 1882ರಲ್ಲಿ ಎತ್ತಿದ ಪ್ರಶ್ನೆಗೆ, ನಾಲ್ಕನೆಯ ತರಗತಿಯ ಮಗುವಿನ ಕೈಗೆ ಒಂದು ಪುಟ ಕೊಟ್ಟು ಓದಿಸಿ ನೋಡಿದಾಗ ಮಾತ್ರ ನಿಜವಾದ ಉತ್ತರ ದೊರೆಯುತ್ತದೆ.