ಬೆಕ್ಕಿನ ಬಟ್ಟಲಿನ ತಾಳೆ ಪಟ್ಟಿ

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ



ವಾಣಿಜ್ಯ ವಿಭಾಗದವಳು ಬೆಕ್ಕಿನ ಊಟದ ಬಗ್ಗೆ ಲೇಖನ ಬರೆದಿದ್ದಾಳೆ ಎಂದು ವಿಜ್ಞಾನ ವಿಭಾಗದ ಗೆಳತಿಯರು ನಗಬಹುದು. ನಗಲಿ, ಪರವಾಗಿಲ್ಲ. ಈ ಪಾಠವನ್ನು ನಾನು ಮೊದಲು ಕಲಿತದ್ದು ಪುಸ್ತಕದಿಂದಲ್ಲ, ನಮ್ಮ ಮನೆಯ ಬೆಕ್ಕಿನ ಮುರಿದ ಕಾಲಿನಿಂದ. ಆಮೇಲೆ ಪುಸ್ತಕ ಓದಿದೆ, ವೈದ್ಯರನ್ನು ಕೇಳಿದೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಬೆಕ್ಕು ಇದ್ದರೆ ನಾವು ಮಾಡಿದ ತಪ್ಪನ್ನು ನೀವು ಮಾಡದಿರಲಿ ಎಂದು ಬರೆಯುತ್ತಿದ್ದೇನೆ.

ಶೇರೂ ಬಂದದ್ದು

ಕಳೆದ ವರ್ಷ ಮಳೆಗಾಲದಲ್ಲಿ ನಗರಗೆರೆಯ ನಮ್ಮ ಮನೆಯ ಹಿಂದೆ ಒಂದು ಮರಿ ಬೆಕ್ಕು ನೆನೆದುಕೊಂಡು ಕೂಗುತ್ತಿತ್ತು. ಅಮ್ಮಿ ಅದನ್ನು ಒಳಗೆ ತಂದರು. ಹಳದಿ ಬಣ್ಣ, ದೊಡ್ಡ ತಲೆ. ಅಬ್ಬಾ "ಶೇರೂ" ಎಂದು ಹೆಸರಿಟ್ಟರು. ಮೊದಲು ಎಲ್ಲರ ಮನೆಯಂತೆ ನಾವೂ ಹಾಲನ್ನ ಹಾಕಿದೆವು. ಅದಕ್ಕೆ ಬೇಧಿಯಾಯಿತು. ನಮ್ಮ ಮಾಮೂ ಅವರದು ಮಟನ್ ಅಂಗಡಿ. ಅವರು, "ಬೆಕ್ಕಿಗೆ ಅನ್ನ ಯಾಕೆ ಹಾಕ್ತೀರಿ? ಅದು ಹುಲಿಯ ಜಾತಿ. ನಾನು ದಿನಾ ಮಾಂಸ ಕೊಡ್ತೀನಿ" ಎಂದರು.

ಅಂದಿನಿಂದ ದಿನಾ ಸಂಜೆ ಒಂದು ಪೊಟ್ಟಣ ಬರತೊಡಗಿತು. ಮೆತ್ತನೆಯ ಮಾಂಸ, ಮೇಲೆ ಒಂದೆರಡು ತುಂಡು ಲಿವರ್. ಮರಿಯ ಗಂಟಲಿಗೆ ಸಿಕ್ಕಬಾರದು ಎಂದು ಮಾಮೂ ಒಂದೊಂದು ಚೂರು ಮೂಳೆಯನ್ನೂ ಆರಿಸಿ ತೆಗೆಯುತ್ತಿದ್ದರು. ಶೇರೂ ದಪ್ಪಗಾದ, ಮೈ ಹೊಳೆಯಿತು. ಬಂದವರೆಲ್ಲ ಹೊಗಳಿದರು.

ಮೂರು ತಿಂಗಳಾದ ಮೇಲೆ ಒಂದು ದಿನ ಅವನು ಅಡುಗೆಮನೆಯ ಕಟ್ಟೆಯಿಂದ ಕೆಳಗೆ ಹಾರಿದ. ಅದೇನೂ ಎತ್ತರವಲ್ಲ, ನನ್ನ ಸೊಂಟದಷ್ಟು. ಬಿದ್ದವನು ಎದ್ದೇಳಲಿಲ್ಲ. ಎತ್ತಿಕೊಳ್ಳಲು ಹೋದರೆ ಕಿರುಚಿದ. ಹಿಂಗಾಲು ನೇತಾಡುತ್ತಿತ್ತು.

ಪಶು ವೈದ್ಯರು ಎಕ್ಸ್‌-ರೇ ತೆಗೆಸಿ ನೋಡಿದರು. ಮುರಿದ ಮೂಳೆಯಷ್ಟೇ ಅಲ್ಲ, ಉಳಿದ ಮೂಳೆಗಳೂ ಕಾಗದದಂತೆ ತೆಳ್ಳಗೆ, ಮಸುಕಾಗಿ ಕಾಣುತ್ತಿದ್ದವು. ವೈದ್ಯರು, "ಏನು ತಿನ್ನಿಸ್ತೀರಮ್ಮ?" ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ, "ಬರೀ ಮಟನ್ ಸರ್, ಮೂಳೆ ಇಲ್ಲದ್ದು" ಎಂದೆ. ಅವರು ನನ್ನನ್ನು ಬೈಯಲಿಲ್ಲ. "ಬೆಕ್ಕು ಹೊಲದಲ್ಲಿ ಮಟನ್ ತಿನ್ನಲ್ಲ, ಇಲಿ ತಿನ್ನುತ್ತೆ. ಇಲಿಯೊಳಗೆ ಮೂಳೆ ಇರುತ್ತೆ. ನಿಮ್ಮ ಪೊಟ್ಟಣದಲ್ಲಿ ಮೂಳೆ ಎಲ್ಲಿ?" ಎಂದರು.

ಪಕ್ಕದಲ್ಲಿ ನಿಂತಿದ್ದ ಮಾಮೂ ಮುಖ ಬಾಡಿತು. ಅವರು ಪ್ರೀತಿಯಿಂದ ತೆಗೆದದ್ದೇ ಅವನಿಗೆ ಬೇಕಾಗಿತ್ತು.

ತಾಳೆಯಾದರೂ ತಪ್ಪು

ಲೆಕ್ಕಶಾಸ್ತ್ರದಲ್ಲಿ ನಾವು ತಾಳೆ ಪಟ್ಟಿ ಮಾಡುತ್ತೇವೆ. ಖರ್ಚು ಮತ್ತು ಜಮಾ ಎರಡೂ ಕಡೆಯ ಮೊತ್ತ ಸರಿಹೊಂದಿದರೆ ಸಮಾಧಾನ. ಆದರೆ ನಮ್ಮ ಉಪನ್ಯಾಸಕರು ಒಂದು ಮಾತು ಹೇಳುತ್ತಾರೆ: ಒಂದು ವ್ಯವಹಾರವನ್ನು ಪುಸ್ತಕದಲ್ಲಿ ಬರೆಯಲೇ ಇಲ್ಲ ಎಂದಿಟ್ಟುಕೊಳ್ಳಿ, ಆಗಲೂ ತಾಳೆ ಪಟ್ಟಿ ತಾಳೆಯಾಗುತ್ತದೆ. ಬಿಟ್ಟುಹೋದದ್ದನ್ನು ಅದು ತೋರಿಸುವುದಿಲ್ಲ. ಇದೇ ಲೋಪ ದೋಷ. ಶೇರೂವಿನ ಹೊಟ್ಟೆ ತುಂಬಿತ್ತು, ತೂಕ ಏರಿತ್ತು, ಎಲ್ಲವೂ ತಾಳೆಯಾಗಿತ್ತು. ಮೂಳೆ ಎಂಬ ಒಂದು ನಮೂದು ಮಾತ್ರ ಬಿಟ್ಟುಹೋಗಿತ್ತು.

ಲೆಕ್ಕ ನೋಡಿ. ಮೂಳೆ ಇಲ್ಲದ 100 ಗ್ರಾಂ ಮಾಂಸದಲ್ಲಿ ಕ್ಯಾಲ್ಸಿಯಂ ಸುಮಾರು 10 ಮಿಲಿಗ್ರಾಂ, ರಂಜಕ ಸುಮಾರು 190 ಮಿಲಿಗ್ರಾಂ. ಅಂದರೆ ಒಂದಕ್ಕೆ ಹತ್ತೊಂಬತ್ತು. ಬೆಕ್ಕಿಗೆ ಇವೆರಡೂ ಹೆಚ್ಚುಕಡಿಮೆ ಸಮವಾಗಿರಬೇಕು, ಕ್ಯಾಲ್ಸಿಯಂ ತುಸು ಹೆಚ್ಚಿದ್ದರೆ ಒಳ್ಳೆಯದು. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಹೃದಯ ಮತ್ತು ನರಗಳ ಕೆಲಸ ಕೆಡುತ್ತದೆ. ಅದಕ್ಕೆ ದೇಹ ಬಿಡುವುದಿಲ್ಲ. ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹಾರ್ಮೋನು ಸುರಿಸಿ ಮೂಳೆಯಿಂದ ಕ್ಯಾಲ್ಸಿಯಂ ತೆಗೆಸುತ್ತವೆ. ಸಂಪಾದನೆ ಇಲ್ಲದ ಮನೆಯಲ್ಲಿ ಠೇವಣಿ ಮುರಿದು ದಿನ ದೂಡಿದ ಹಾಗೆ. ಮರಿಗಳಲ್ಲಿ ಈ ಠೇವಣಿ ಮೊದಲೇ ಚಿಕ್ಕದು, ಆದ್ದರಿಂದ ಬೇಗ ಖಾಲಿಯಾಗುತ್ತದೆ.

ಬೆಕ್ಕಿನ ದೇಹ ನಮ್ಮಂತಲ್ಲ

ನಾವು ಅನ್ನ, ಸೊಪ್ಪು, ಬೇಳೆ ತಿಂದು ಬದುಕಬಲ್ಲೆವು. ನಾಯಿಯೂ ಒಂದಿಷ್ಟು ಹೊಂದಿಕೊಳ್ಳುತ್ತದೆ. ಬೆಕ್ಕು ಹಾಗಲ್ಲ, ಅದು ಮಾಂಸ ತಿಂದೇ ಬದುಕಬೇಕಾದ ಪ್ರಾಣಿ.

ಟಾರಿನ್ ಎಂಬ ವಸ್ತುವನ್ನು 1827ರಲ್ಲಿ ಎತ್ತಿನ ಪಿತ್ತರಸದಲ್ಲಿ ಮೊದಲು ಕಂಡುಹಿಡಿದರು. ಮನುಷ್ಯರ ದೇಹ ಅದನ್ನು ತಯಾರಿಸಿಕೊಳ್ಳುತ್ತದೆ, ಬೆಕ್ಕಿನ ದೇಹಕ್ಕೆ ಸಾಕಷ್ಟು ತಯಾರಿಸಲು ಬರುವುದಿಲ್ಲ. ಟಾರಿನ್ ಸಿಗದ ಬೆಕ್ಕುಗಳ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆ ಎಂದು 1975ರಲ್ಲಿ ವಿಜ್ಞಾನಿಗಳು ತೋರಿಸಿದರು. 1987ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಪಾಲ್ ಪಿಯಾನ್ ಮತ್ತು ಸಂಗಡಿಗರು ಇನ್ನೊಂದು ವಿಷಯ ಕಂಡುಕೊಂಡರು: ಹೃದಯ ಹಿಗ್ಗಿ ದುರ್ಬಲವಾಗಿದ್ದ ಬೆಕ್ಕುಗಳಿಗೆ ಟಾರಿನ್ ಕೊಟ್ಟಾಗ ಹೃದಯ ಚೇತರಿಸಿಕೊಂಡಿತು. ಆ ಬೆಕ್ಕುಗಳು ತಿನ್ನುತ್ತಿದ್ದುದು ಅಂಗಡಿಯಲ್ಲಿ ಮಾರುವ ಆಹಾರವನ್ನೇ. ಆ ಬಳಿಕ ಕಂಪನಿಗಳು ಬೆಕ್ಕಿನ ಆಹಾರಕ್ಕೆ ಟಾರಿನ್ ಹೆಚ್ಚು ಸೇರಿಸತೊಡಗಿದವು. ಟಾರಿನ್ ಕುರಿ ಮತ್ತು ಕೋಳಿಯ ಹೃದಯದಲ್ಲಿ ಚೆನ್ನಾಗಿರುತ್ತದೆ. ನಮ್ಮ ಕಡೆ ಇಲಿ ಹಿಡಿಯುವ ಬೆಕ್ಕಿಗೆ ಅದು ಇಲಿಯಿಂದಲೇ ಸಿಗುತ್ತದೆ.

ಕ್ಯಾರೆಟ್‌ನಲ್ಲಿರುವ ಹಳದಿ ಅಂಶದಿಂದ ನಮ್ಮ ದೇಹ ಎ ವಿಟಮಿನ್ ಮಾಡಿಕೊಳ್ಳುತ್ತದೆ. ಬೆಕ್ಕಿಗೆ ಅದೂ ಬರುವುದಿಲ್ಲ, ಅದಕ್ಕೆ ಲಿವರ್ ಬೇಕು. ಹಾಗೆಂದು ದಿನಾ ಲಿವರ್ ಹಾಕಬಾರದು. ಎ ವಿಟಮಿನ್ ದೇಹದಲ್ಲಿ ಕೂಡಿಕೊಳ್ಳುತ್ತಾ ಹೋಗಿ ಕುತ್ತಿಗೆಯ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಗ ಬೆಕ್ಕಿಗೆ ತಲೆ ತಿರುಗಿಸಿ ಮೈ ನೆಕ್ಕಿಕೊಳ್ಳಲೂ ಆಗುವುದಿಲ್ಲ.

ಒಂದು ತಮಾಷೆಯ ವಿಷಯವೂ ಇದೆ. ಬೆಕ್ಕಿಗೆ ಸಿಹಿ ಗೊತ್ತಾಗುವುದಿಲ್ಲ. ಸಿಹಿ ಗುರುತಿಸುವ ಜೀನ್ ಅದರಲ್ಲಿ ಕೆಟ್ಟುಹೋಗಿದೆ ಎಂದು 2005ರಲ್ಲಿ ಪತ್ತೆಯಾಯಿತು. ಈದ್ ದಿನ ನಾನಿಯ ಶೀರ್ ಖುರ್ಮಾದ ಬಟ್ಟಲನ್ನು ಶೇರೂ ನೆಕ್ಕುವುದು ಸಕ್ಕರೆಗಲ್ಲ, ಹಾಲಿನ ಕೆನೆಗೆ.

ವಿದೇಶಗಳಲ್ಲಿ ಸಾಕುವ ಫೆರೆಟ್ ಎಂಬ ಪ್ರಾಣಿಯೂ ಇದೇ ಬಗೆಯದು. ನೋಡಲು ಮುಂಗುಸಿಯಂತಿದ್ದರೂ ಅದು ನೀರುನಾಯಿಯ ಬಳಗಕ್ಕೆ ಸೇರಿದ್ದು. ಅದರ ಕರುಳು ಚಿಕ್ಕದು, ತಿಂದದ್ದು ಮೂರು ನಾಲ್ಕು ಗಂಟೆಯಲ್ಲಿ ಹೊರಗೆ ಹೋಗುತ್ತದೆ. ಅದಕ್ಕೂ ಕಾಳು, ಹಣ್ಣು ನಡೆಯುವುದಿಲ್ಲ. ಮಾಂಸ, ಅಂಗಾಂಗ, ಮೂಳೆ ಮೂರೂ ಸೇರಿದ ಊಟ ಬೇಕು.

ಒಂದು ವಾರದ ಬಟ್ಟಲು

ಹಸಿ ಮಾಂಸ ಕೊಡುವವರು ಸಾಮಾನ್ಯವಾಗಿ ಪಾಲಿಸುವ ಪ್ರಮಾಣ ಹೀಗಿದೆ: ನೂರರಲ್ಲಿ 80 ಪಾಲು ಮಾಂಸ (ಹೃದಯ ಸೇರಿ), 10 ಪಾಲು ಮೂಳೆ, 5 ಪಾಲು ಲಿವರ್, 5 ಪಾಲು ಕಿಡ್ನಿಯಂಥ ಇತರ ಅಂಗ. ಇಡೀ ಇಲಿಯನ್ನು ಬಿಡಿಬಿಡಿಯಾಗಿ ಜೋಡಿಸಿದ ಹಾಗೆ. ಬೆಳೆದ ಬೆಕ್ಕಿಗೆ ದಿನಕ್ಕೆ ಅದರ ತೂಕದ ನೂರಕ್ಕೆ ಮೂರು ನಾಲ್ಕು ಪಾಲು ಸಾಕು. 3 ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ 100 ಗ್ರಾಂ, ವಾರಕ್ಕೆ 700 ಗ್ರಾಂ ಎಂದು ಹಿಡಿದರೆ:

ಕೋಳಿ ಕುತ್ತಿಗೆ – 200 ಗ್ರಾಂ (ಇದರಲ್ಲಿ ಮೂಳೆ ಸುಮಾರು 70 ಗ್ರಾಂ, ಮಾಂಸ 130 ಗ್ರಾಂ)
ಹೃದಯ – 100 ಗ್ರಾಂ
ಮೂಳೆ ಇಲ್ಲದ ಮಾಂಸ – 330 ಗ್ರಾಂ
ಲಿವರ್ – 35 ಗ್ರಾಂ
ಕಿಡ್ನಿ – 35 ಗ್ರಾಂ
ಒಟ್ಟು – 700 ಗ್ರಾಂ

ಕೂಡಿ ನೋಡಿ, ಸರಿಯಾಗುತ್ತದೆ. ಮಾಂಸ 130, 100, 330 ಸೇರಿ 560, ಅಂದರೆ 80 ಪಾಲು. ಲಿವರ್ ವಾರಕ್ಕೆ 35 ಗ್ರಾಂ ಎಂದರೆ ದಿನಕ್ಕೆ ಬೆರಳ ತುದಿಯಷ್ಟು ಮಾತ್ರ. ನಾವು ಶೇರೂಗೆ ಒಂದೇ ಸಂಜೆ ಅದಕ್ಕಿಂತ ಹೆಚ್ಚು ಹಾಕುತ್ತಿದ್ದೆವು.

ಮರಿಗಳಿಗೆ ತೂಕಕ್ಕೆ ಹೋಲಿಸಿದರೆ ಎರಡು ಮೂರು ಪಟ್ಟು ಬೇಕು, ಅದನ್ನು ದಿನಕ್ಕೆ ಮೂರು ನಾಲ್ಕು ಸಲ ಹಂಚಿ ಕೊಡಬೇಕು.

ಹಸಿ ಮಾಂಸದ ಇನ್ನೊಂದು ಮುಖ

ಇಷ್ಟು ಓದಿ ನೀವು ಇವತ್ತೇ ಕೋಳಿ ಕುತ್ತಿಗೆ ತರಲು ಹೊರಡಬೇಡಿ. ನಾನೂ ಹಾಗೇ ಹೊರಟಿದ್ದೆ. ಆಗ ನಮ್ಮ ಭಾಬಿ ಐದು ತಿಂಗಳ ಗರ್ಭಿಣಿ. ವೈದ್ಯರು ಮನೆಯಲ್ಲಿ ಯಾರು ಯಾರು ಇದ್ದಾರೆ ಎಂದು ಕೇಳಿ ತಿಳಿದುಕೊಂಡ ಮೇಲೆ, "ಹಾಗಾದರೆ ನಿಮ್ಮ ಮನೆಗೆ ಹಸಿ ಮಾಂಸ ಬೇಡ" ಎಂದರು.

ಕಾರಣ ಇದು. ಹಸಿ ಕುರಿ ಮಾಂಸದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಇರಬಹುದು. ಅದನ್ನು ತಿಂದು ಸೋಂಕು ತಗುಲಿದ ಬೆಕ್ಕಿನ ಮಲದಲ್ಲಿ ಅದರ ಮೊಟ್ಟೆಯಂಥ ಕಣಗಳು ಕೆಲವು ದಿನ ಹೊರಬೀಳುತ್ತವೆ. ಗರ್ಭಿಣಿಗೆ ಮೊದಲ ಸಲ ಈ ಸೋಂಕು ತಗುಲಿದರೆ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಫ್ರೀಜರಿನಲ್ಲಿಟ್ಟರೆ ಅದು ಸಾಯುವುದಿಲ್ಲ, ಸುಮ್ಮನೆ ಮಲಗಿರುತ್ತದೆ.

ಹಕ್ಕಿಜ್ವರವಂತೂ ನಮ್ಮ ಜಿಲ್ಲೆಗೇ ಬಂದಿತ್ತು. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಕೋಳಿಗಳಿಗೆ ಆ ಸೋಂಕು ಕಂಡುಬಂದದ್ದು ನಿಮಗೆ ನೆನಪಿರಬಹುದು. ಅದೇ ವರ್ಷ ಜನವರಿಯಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಸಾಕು ಬೆಕ್ಕುಗಳಲ್ಲೂ ಹಕ್ಕಿಜ್ವರದ ವೈರಸ್ ಪತ್ತೆಯಾಯಿತು. ಈ ವೈರಸ್ ಬೆಕ್ಕುಗಳನ್ನು ಕೊಲ್ಲುತ್ತದೆ. ಆದರೆ ಚೆನ್ನಾಗಿ ಬೇಯಿಸಿದರೆ ಅದು ಉಳಿಯುವುದಿಲ್ಲ.

ನಮ್ಮ ಮನೆಯಲ್ಲಿ ಈಗ ಮಾಡುವುದು

ಮಾಂಸವನ್ನು ಸ್ವಲ್ಪ ನೀರಿನಲ್ಲಿ ಉಪ್ಪು, ಮಸಾಲೆ ಇಲ್ಲದೆ ಬೇಯಿಸುತ್ತೇವೆ. ಟಾರಿನ್ ನೀರಿಗೆ ಇಳಿಯುವುದರಿಂದ ಆ ನೀರನ್ನು ಚೆಲ್ಲದೆ ಅದನ್ನೂ ಕೊಡುತ್ತೇವೆ. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ, ಆದ್ದರಿಂದ ಅದನ್ನು ಹಾಕುವಂತಿಲ್ಲ. ಹಾಗಾದರೆ ಕ್ಯಾಲ್ಸಿಯಂ ಎಲ್ಲಿಂದ? ಮೊಟ್ಟೆಯ ಚಿಪ್ಪಿನಿಂದ. ಚಿಪ್ಪನ್ನು ತೊಳೆದು, ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ಹಿಟ್ಟಿನಂತೆ ನುಣ್ಣಗೆ ಮಾಡಬೇಕು.

ಇದರ ಲೆಕ್ಕವೂ ಸುಲಭ. 500 ಗ್ರಾಂ ಮಾಂಸದಲ್ಲಿ ರಂಜಕ ಸುಮಾರು 950 ಮಿಲಿಗ್ರಾಂ, ಕ್ಯಾಲ್ಸಿಯಂ 50. ಒಂದು ಗ್ರಾಂ ಚಿಪ್ಪಿನ ಪುಡಿಯಲ್ಲಿ ಸುಮಾರು 380 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. 3 ಗ್ರಾಂ, ಅಂದರೆ ಸುಮಾರು ಅರ್ಧ ಟೀ ಚಮಚ ಹಾಕಿದರೆ 1140 ಬರುತ್ತದೆ. ಮಾಂಸದ್ದೂ ಸೇರಿ 1190. ರಂಜಕಕ್ಕಿಂತ ತುಸು ಹೆಚ್ಚು, ಬೇಕಾದಷ್ಟೇ. ಕಸಕ್ಕೆ ಎಸೆಯುತ್ತಿದ್ದ ಚಿಪ್ಪು ಇದು, ಒಂದು ಪೈಸೆ ಖರ್ಚಿಲ್ಲ.

ಮನೆಯಲ್ಲಿ ಮಾಡಿದ್ದರಲ್ಲಿ ಡಿ ಮತ್ತು ಇ ವಿಟಮಿನ್, ಅಯೋಡಿನ್ ಕಡಿಮೆ ಬೀಳಬಹುದು. ಅದಕ್ಕಾಗಿ ವೈದ್ಯರ ಮಾತಿನಂತೆ ಬೆಳಿಗ್ಗೆ ಬೆಕ್ಕಿಗಾಗಿಯೇ ತಯಾರಾದ ಪೂರ್ಣ ಆಹಾರ, ಸಂಜೆ ಮಾಮೂ ಪೊಟ್ಟಣ. ಶೇರೂವಿನ ಮಲದ ಮಣ್ಣನ್ನು ದಿನಾ ನಾನೇ ತೆಗೆದು ಸೋಪಿನಲ್ಲಿ ಕೈ ತೊಳೆಯುತ್ತೇನೆ. ಆ ಕಣಗಳು ಹೊರಬಿದ್ದ ಮೇಲೆ ರೋಗ ಹರಡುವ ಶಕ್ತಿ ಪಡೆಯಲು ಒಂದು ದಿನವಾದರೂ ಬೇಕು. ಅಷ್ಟರೊಳಗೆ ತೆಗೆದರೆ ಭಯ ಕಡಿಮೆ. ಭಾಬಿ ಅದರ ಹತ್ತಿರ ಹೋಗುವುದಿಲ್ಲ.

ನೆನಪಿಡಿ

1. ಬರೀ ಮಾಂಸ ಪೂರ್ಣ ಊಟವಲ್ಲ. ಹಾಲನ್ನವೂ ಅಲ್ಲ.
2. ಬೇಯಿಸಿದ ಮೂಳೆ ಯಾವತ್ತೂ ಬೇಡ.
3. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ. ಬಿರಿಯಾನಿ, ಸಾಲನ್ ತುಂಡು ಹಾಕಬೇಡಿ.
4. ಗರ್ಭಿಣಿ, ಚಿಕ್ಕ ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ ಹಸಿ ಮಾಂಸ ಬೇಡ.
5. ರೇಷ್ಮೆ ಹುಳು ಮನೆಯಲ್ಲಿ, ಹೊಲದಲ್ಲಿ ಇಲಿಗೆ ಪಾಷಾಣ ಇಟ್ಟಿದ್ದರೆ ಬೆಕ್ಕನ್ನು ಒಳಗೆ ಕೂಡಿಡಿ. ಪಾಷಾಣ ತಿಂದ ಇಲಿಯನ್ನು ತಿಂದರೆ ಬೆಕ್ಕೂ ಸಾಯುತ್ತದೆ.
6. ಬೆಕ್ಕು ಕುಂಟಿದರೆ, ಹಾರಲು ಹೆದರಿದರೆ ಎಣ್ಣೆ ಹಚ್ಚುತ್ತಾ ಕೂರಬೇಡಿ. ಪಶು ವೈದ್ಯರಿಗೆ ತೋರಿಸಿ.

ಬೆಕ್ಕನ್ನು ಕಟ್ಟಿಹಾಕಿ, ತಾನೂ ಊಟ ಕೊಡದೆ, ನೆಲದ ಮೇಲಿನ ಸಣ್ಣ ಜೀವಿಗಳನ್ನು ಹಿಡಿದು ತಿನ್ನಲೂ ಬಿಡದೆ ಸಾಯಿಸಿದ ಹೆಂಗಸಿಗೆ ಶಿಕ್ಷೆಯಾಯಿತೆಂದು ಪ್ರವಾದಿ ಮುಹಮ್ಮದ್ (ಸ) ಹೇಳಿದ ಹದೀಸನ್ನು ನಾವೆಲ್ಲ ಮದ್ರಸಾದಲ್ಲಿ ಕೇಳಿದ್ದೇವೆ. ಚಿಕ್ಕಂದಿನಲ್ಲಿ ನಾನು ಅದನ್ನು ಕ್ರೂರಿಯೊಬ್ಬಳ ಕಥೆ ಎಂದುಕೊಂಡಿದ್ದೆ. ಈಗ ಆ "ಸಣ್ಣ ಜೀವಿಗಳು" ಎಂಬ ಮಾತು ಬಂದಾಗ ಬೇರೆಯೇ ನೆನಪಾಗುತ್ತದೆ. ಬೆಕ್ಕನ್ನು ಮನೆಯೊಳಗೆ ಇಟ್ಟುಕೊಂಡ ದಿನವೇ ಅದರ ಇಲಿಯನ್ನು ನಾವು ಕಿತ್ತುಕೊಂಡಿರುತ್ತೇವೆ. ಆ ಇಲಿಯಲ್ಲಿ ಏನೇನಿತ್ತೋ ಅದನ್ನೆಲ್ಲ ತುಂಬಿಕೊಡುವುದು ನಮ್ಮ ಮೇಲಿನ ಸಾಲ.

ಶೇರೂವನ್ನು ಆರು ವಾರ ಪಂಜರದಲ್ಲಿಟ್ಟೆವು. ಊಟ ಸರಿಯಾದ ಮೇಲೆ ಮೂಳೆ ಕೂಡಿಕೊಂಡಿತು. ಈಗ ಓಡುತ್ತಾನೆ, ಆದರೂ ಎಡ ಹಿಂಗಾಲು ಸ್ವಲ್ಪ ಕುಂಟು. ಭಾಬಿಗೆ ಹೆಣ್ಣು ಮಗು ಹುಟ್ಟಿದೆ, ಅಲ್‌ಹಮ್ದುಲಿಲ್ಲಾಹ್, ಇಬ್ಬರೂ ಆರೋಗ್ಯವಾಗಿದ್ದಾರೆ. ಮಾಮೂ ಈಗ ಪೊಟ್ಟಣದಲ್ಲಿ ಮರೆಯದೆ ಒಂದು ಹೃದಯ ಹಾಕುತ್ತಾರೆ. ಅಂಗಡಿಗೆ ಬರುವವರು ಬೆಕ್ಕಿಗೆಂದು ಚೂರು ಮಾಂಸ ಕೇಳಿದರೆ, ತಕ್ಕಡಿಗೆ ಹಾಕುವ ಮೊದಲು ಒಂದು ಪ್ರಶ್ನೆ ಕೇಳುತ್ತಾರಂತೆ: "ಮೂಳೆ ಲೆಕ್ಕ ಹಾಕಿದ್ದೀರಾ?"