ವಸಂತದ ಬೇಟೆಹಕ್ಕಿ ಗಣತಿ: ಐಲಾತ್

ಇಸ್ರೇಲಿನ ದಕ್ಷಿಣ ತುದಿಯ ಐಲಾತ್ ಅಕಾಬಾ ಕೊಲ್ಲಿಯ ದಡದಲ್ಲಿದೆ. ಆಫ್ರಿಕಾದಲ್ಲಿ ಚಳಿಗಾಲ ಕಳೆದು ಯುರೋಪ್, ಏಷ್ಯಾಕ್ಕೆ ಮರಳುವ ಬೇಟೆಹಕ್ಕಿಗಳನ್ನು ಇಲ್ಲಿ ಎಣಿಸುತ್ತಾರೆ. 1985ರ ವಸಂತದಲ್ಲಿ ಈ ಸಂಖ್ಯೆ 10 ಲಕ್ಷ ದಾಟಿತ್ತು.

ಅಂಕಿಗಿಂತ ಅವು ಈ ದಾರಿಯಲ್ಲಿ ಬರುವ ಕಾರಣ ಮುಖ್ಯ. ಕಾದ ನೆಲದಿಂದ ಏಳುವ ಬಿಸಿಗಾಳಿಯಲ್ಲಿ ಹಕ್ಕಿ ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೇರಿ, ನಂತರ ಮುಂದಕ್ಕೆ ತೇಲಿಹೋಗುತ್ತದೆ. ನೀರಿನ ಮೇಲೆ ಇಂಥ ಗಾಳಿ ಬಲವಾಗಿ ಏಳದು. ಹಾಗಾಗಿ ಅವು ಸಮುದ್ರ ತಪ್ಪಿಸಿ ಐಲಾತ್ ಮೂಲಕ ನೆಲದ ಹಾದಿ ಹಿಡಿಯುತ್ತವೆ. ಸುತ್ತುವ ಗುಂಪನ್ನು ಎಣಿಸುವುದು ಕಷ್ಟ. ಮೇಲೇರಿದ ಹಕ್ಕಿಗಳು ಸಾಲಾಗಿ ಹೊರಬೀಳುವಾಗ ದುರ್ಬೀನು ಹಿಡಿದವರು ಲೆಕ್ಕ ಹಾಕುತ್ತಾರೆ.

ಸ್ಟೆಪ್ ಹದ್ದು ಫೆಬ್ರವರಿ–ಮಾರ್ಚ್‌ನಲ್ಲಿ, ಸ್ಟೆಪ್ ಬಜಾರ್ಡ್ ಮಾರ್ಚ್–ಏಪ್ರಿಲ್‌ನಲ್ಲಿ, ಜೇನುಗಿಡುಗ ಮೇ ಆರಂಭದಲ್ಲಿ ಹೆಚ್ಚು. ಚಳಿಗಾಲದಲ್ಲಿ ಭಾರತಕ್ಕೂ ಬರುವ ಸ್ಟೆಪ್ ಹದ್ದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪುಪಟ್ಟಿಯಲ್ಲಿ ‘ಅಳಿವಿನಂಚಿನ’ ಪ್ರಭೇದ.